ಹಿಟ್ಟಿನ ಬಾರ್ಜ್, ಒಡೆದ ಗಂಟೆ ಮತ್ತು ತನ್ನನ್ನೇ ನಂಬದ ಒಬ್ಬ ಜಡ್ಜ್

1944ರ ಜನವರಿ 4ರ ಮಧ್ಯಾಹ್ನ. ನ್ಯೂಯಾರ್ಕಿನ ಹಡ್ಸನ್ ನದಿಯಲ್ಲಿ, 52ನೇ ಪಿಯರ್ ಎಂಬ ಹಡಗುಕಟ್ಟೆಯ ಹತ್ತಿರ, ಬಾರ್ಜ್‌ಗಳು ಒಂದಕ್ಕೊಂದು ಹಗ್ಗ ಕಟ್ಟಿಕೊಂಡು ಸಾಲಾಗಿ ನಿಂತಿದ್ದವು. ಬಾರ್ಜ್ ಅಂದರೆ ಸರಕು ತುಂಬುವ ದೋಣಿ, ಅದಕ್ಕೆ ಸ್ವಂತ ಎಂಜಿನ್ ಇರುವುದಿಲ್ಲ. ಟಗ್ ಎಂಬ ಗಟ್ಟಿಮುಟ್ಟಾದ ಪುಟ್ಟ ದೋಣಿ ಬಂದು ಎಳೆಯಬೇಕು. ಸಾಲಿನಲ್ಲಿದ್ದ ಒಂದು ಬಾರ್ಜ್‌ನ ಹೆಸರು ಅನ್ನಾ ಸಿ. ಅದರ ತುಂಬ ಅಮೆರಿಕ ಸರ್ಕಾರದ ಹಿಟ್ಟು.

ಕ್ಯಾರಲ್ ಎಂಬ ಟಗ್ ಬಂತು. ಬೇರೊಂದು ಬಾರ್ಜನ್ನು ಹೊರಗೆ ಎಳೆಯಬೇಕಿತ್ತು. ಅದಕ್ಕಾಗಿ ಹಗ್ಗಗಳನ್ನು ಸರಿಮಾಡಿದರು, ಕೆಲವನ್ನು ಬಿಚ್ಚಿದರು. ಎಲ್ಲೋ ಎಡವಟ್ಟಾಯಿತು. ಇಡೀ ಸಾಲೇ ಕಳಚಿಕೊಂಡು ನೀರಿನ ಜೊತೆ ತೇಲತೊಡಗಿತು. ಅನ್ನಾ ಸಿ ಹೋಗಿ ಒಂದು ಟ್ಯಾಂಕರ್ ಹಡಗಿಗೆ ಬಡಿಯಿತು. ಆ ಹಡಗಿನ ಪ್ರೊಪೆಲ್ಲರ್ ಬಾರ್ಜ್‌ನ ತಳದ ಹತ್ತಿರ ತೂತು ಮಾಡಿತು. ಮೇಲಿಂದ ನೋಡಿದರೆ ಏನೂ ಗೊತ್ತಾಗುವಂತಿರಲಿಲ್ಲ. ಪಕ್ಕದಲ್ಲೇ ಇದ್ದ ಟಗ್‌ಗಳಲ್ಲಿ ನೀರೆತ್ತುವ ಪಂಪ್ ಇತ್ತು. ನೀರು ನುಗ್ಗುತ್ತಿದೆ ಎಂದು ಯಾರಾದರೂ ಕೂಗಿದ್ದರೆ ಸಾಕಿತ್ತು, ಉಳಿಸಬಹುದಿತ್ತು. ಆದರೆ ಬಾರ್ಜ್ ನೋಡಿಕೊಳ್ಳಬೇಕಾದವನು ಹಿಂದಿನ ದಿನ ಸಂಜೆ ಐದಕ್ಕೇ ದಡಕ್ಕೆ ಹೋಗಿದ್ದ. ಇಪ್ಪತ್ತೊಂದು ಗಂಟೆ ಆದರೂ ವಾಪಸ್ ಬಂದಿರಲಿಲ್ಲ. ಹಿಟ್ಟು ನದಿ ಪಾಲಾಯಿತು, ಬಾರ್ಜ್ ಮುಳುಗಿತು.

ನಷ್ಟ ಯಾರು ಕಟ್ಟಿಕೊಡಬೇಕು? ಹಗ್ಗ ಮುಟ್ಟಿದವರದು ತಪ್ಪು, ಅದು ಸರಿ. ಆದರೆ ಕಾವಲಿನವನಿಲ್ಲದೆಯೂ ನಿಶ್ಚಿಂತೆಯಿಂದಿದ್ದ ಬಾರ್ಜ್ ಮಾಲೀಕನದೂ ಸ್ವಲ್ಪ ತಪ್ಪಲ್ವಾ?

ಈ ಕೇಸು ಮೂರು ವರ್ಷ ಕಳೆದು ಮೇಲ್ಮನವಿ ಕೋರ್ಟಿಗೆ ಬಂತು. ತೀರ್ಪು ಬರೆದವರಿಗೆ ಆಗ ಎಪ್ಪತ್ತೈದಕ್ಕೆ ಕೆಲವೇ ದಿನ ಬಾಕಿ. ಅವರು ಮೂರು ಅಕ್ಷರ ಹಿಡಿದುಕೊಂಡರು. ಅನಾಹುತ ಆಗುವ ಸಾಧ್ಯತೆ ಎಷ್ಟು, ಅದು ಪಿ. ಅನಾಹುತ ಆಗಿಯೇ ಬಿಟ್ಟರೆ ನಷ್ಟ ಎಷ್ಟು, ಅದು ಎಲ್. ತಡೆಯಲು ಬೀಳುವ ಖರ್ಚು ಅಥವಾ ಹೊರೆ ಎಷ್ಟು, ಅದು ಬಿ. ಪಿಯನ್ನು ಎಲ್‌ನಿಂದ ಗುಣಿಸಿ. ಬಂದ ಉತ್ತರಕ್ಕಿಂತ ಬಿ ಕಡಿಮೆಯಿದ್ದೂ ನೀವು ಆ ಖರ್ಚು ಮಾಡಲಿಲ್ಲ ಎಂದರೆ, ಅದು ನಿಮ್ಮ ಅಜಾಗರೂಕತೆ.

ಸುಮ್ನೆ ಒಂದು ಲೆಕ್ಕ ಹಾಕಿ ನೋಡೋಣ. ಹಿತ್ತಲಲ್ಲಿ ಒಂದು ಹಳೇ ಬಾವಿ ಇದೆ, ಕಟ್ಟೆ ಇಲ್ಲ. ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸಲು 8,000 ರೂಪಾಯಿ. ಪಕ್ಕದ ಮನೆಯ ಹಸು ದಿನಾ ಅದೇ ದಾರಿಯಲ್ಲಿ ಮೇಯಲು ಬರುತ್ತದೆ. ಬೀಳುವ ಸಾಧ್ಯತೆ ಐದರಲ್ಲಿ ಒಂದು ಎಂದಿಟ್ಟುಕೊಳ್ಳಿ. ಹಸುವಿನ ಬೆಲೆ 60,000. ಅದರ ಐದನೇ ಒಂದು ಪಾಲು 12,000. ಜಾಲರಿ ಅದಕ್ಕಿಂತ ಅಗ್ಗ. ಹಾಕಿಸಲಿಲ್ಲ, ಹಸು ಬಿತ್ತು, ಹೊಣೆ ನಿಮ್ಮದು. ಅದೇ ಬಾವಿ ಬೇಲಿಯೊಳಗೆ ಮೂಲೆಯಲ್ಲಿದ್ದು, ಸಾಧ್ಯತೆ ನೂರರಲ್ಲಿ ಒಂದೇ ಆದರೆ ಲೆಕ್ಕ 600 ರೂಪಾಯಿಗೆ ಇಳಿಯುತ್ತದೆ. ಅಷ್ಟಕ್ಕಾಗಿ ಎಂಟು ಸಾವಿರ ಖರ್ಚು ಮಾಡಲಿಲ್ಲ ಎಂದು ಯಾರೂ ನಿಮ್ಮನ್ನು ದೂರುವಂತಿಲ್ಲ.

ಬಾರ್ಜ್ ವಿಷಯದಲ್ಲಿ ಉತ್ತರ ಸುಲಭವಾಗಿತ್ತು. ಯುದ್ಧದ ಭರಾಟೆ, ಬಂದರಿನಲ್ಲಿ ಬಾರ್ಜ್‌ಗಳ ಓಡಾಟ ವಿಪರೀತ. ಜನವರಿಯಾದ್ದರಿಂದ ಹಗಲು ಬೇರೆ ಚಿಕ್ಕದು. ಕೆಲಸ ನಡೆಯುವ ಹಗಲು ಹೊತ್ತಿನಲ್ಲಿ ಕಾವಲಿನವನೊಬ್ಬ ಅಲ್ಲಿರುವುದು ದೊಡ್ಡ ಹೊರೆಯೇನಲ್ಲ. ಹಾಗಾಗಿ ಮುಳುಗಿದ ನಷ್ಟದಲ್ಲಿ ಮಾಲೀಕನಿಗೂ ಪಾಲು ಬಿತ್ತು.

ಇವತ್ತು ಅಮೆರಿಕದಲ್ಲಿ ಕಾನೂನು ಓದುವ ಯಾವ ಹುಡುಗ ಹುಡುಗಿಯನ್ನು ಕೇಳಿದರೂ ಈ ಬಾರ್ಜ್‌ನ ಕಥೆ ಹೇಳುತ್ತಾರೆ. ತೀರ್ಪು ಕೊಟ್ಟವರ ಹೆಸರು ಲರ್ನೆಡ್ ಹ್ಯಾಂಡ್. ನಮ್ಮ ಕೋರ್ಟುಗಳಲ್ಲಿ ವಕೀಲರು ಎದುರಾಳಿಯನ್ನು 'ಲರ್ನೆಡ್ ಫ್ರೆಂಡ್' ಅನ್ನುತ್ತಾರಲ್ಲ, ಅದನ್ನು ಕೇಳಿದವರಿಗೆ ಇದು ಯಾರೋ ಕೊಟ್ಟ ಬಿರುದು ಅನ್ನಿಸಬಹುದು. ಅಲ್ಲ. ಲರ್ನೆಡ್ ಅವರ ತಾಯಿಯ ತವರಿನ ಮನೆತನದ ಹೆಸರು. ಪೂರ್ತಿ ಹೆಸರು ಬಿಲ್ಲಿಂಗ್ಸ್ ಲರ್ನೆಡ್ ಹ್ಯಾಂಡ್. ಮೊದಲಿನ ಬಿಲ್ಲಿಂಗ್ಸ್ ಅನ್ನು ಅವರೇ ಕೈಬಿಟ್ಟರು.

ಹುಟ್ಟಿದ್ದು 1872ರ ಜನವರಿ 27, ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ. ಮನೆತುಂಬ ವಕೀಲರು. ತಂದೆ ಸ್ಯಾಮ್ಯುಯೆಲ್ ಹ್ಯಾಂಡ್ ಊರಿಗೇ ದೊಡ್ಡ ವಕೀಲ, ಸ್ವಲ್ಪ ಕಾಲ ಜಡ್ಜ್ ಕೂಡ ಆಗಿದ್ದವರು. ಮಗನಿಗೆ ಹದಿನಾಲ್ಕಾಗಿದ್ದಾಗ ತೀರಿಕೊಂಡರು. ಆಮೇಲೆ ಆ ತಂದೆಯ ಎತ್ತರಕ್ಕೆ ತಾನು ಏರಲಾರೆ ಎಂಬ ಅಳುಕು ಮಗನಿಗೆ ಅಂಟಿಕೊಂಡಿತು. ಹಾರ್ವರ್ಡ್‌ನಲ್ಲಿ ತತ್ತ್ವಶಾಸ್ತ್ರ ಓದಿದರು, 1896ರಲ್ಲಿ ಕಾನೂನು ಪದವಿ ಮುಗಿಸಿದರು, ಆಲ್ಬನಿಯಲ್ಲೂ ಆಮೇಲೆ ನ್ಯೂಯಾರ್ಕ್ ನಗರದಲ್ಲೂ ವಕೀಲಿ ಮಾಡಿದರು. ವಕೀಲಿ ಅವರ ಕೈ ಹಿಡಿಯಲಿಲ್ಲ. 1909ರಲ್ಲಿ ಅಧ್ಯಕ್ಷ ಟಾಫ್ಟ್ ಅವರನ್ನು ನ್ಯೂಯಾರ್ಕಿನ ಫೆಡರಲ್ ಜಿಲ್ಲಾ ಕೋರ್ಟಿನ ಜಡ್ಜ್ ಮಾಡಿದಾಗ ವಯಸ್ಸು ಮೂವತ್ತೇಳು. ಅಲ್ಲಿಂದ ಸಾಯುವವರೆಗೆ, ಐವತ್ತೆರಡು ವರ್ಷ, ಜಡ್ಜ್ ಆಗಿಯೇ ಇದ್ದರು.

ಇಲ್ಲಿ ಅಮೆರಿಕದ ಕೋರ್ಟುಗಳ ಬಗ್ಗೆ ನಾಲ್ಕು ಮಾತು ಬೇಕು. ನಮ್ಮಲ್ಲಿ ಒಂದೇ ಏಣಿ. ಕೆಳಗೆ ತಾಲ್ಲೂಕು, ಜಿಲ್ಲಾ ಕೋರ್ಟುಗಳು, ಮೇಲೆ ಹೈಕೋರ್ಟ್, ತುದಿಯಲ್ಲಿ ಸುಪ್ರೀಂ ಕೋರ್ಟ್. ರಾಜ್ಯದ ಕಾನೂನಿರಲಿ, ಕೇಂದ್ರದ ಕಾನೂನಿರಲಿ, ಅದೇ ಮೆಟ್ಟಿಲು ಹತ್ತಬೇಕು. ಅಮೆರಿಕದಲ್ಲಿ ಎರಡು ಏಣಿ. ರಾಜ್ಯಗಳ ಕೋರ್ಟುಗಳದ್ದೇ ಒಂದು, ಕೇಂದ್ರದ ಅಂದರೆ ಫೆಡರಲ್ ಕೋರ್ಟುಗಳದ್ದೇ ಇನ್ನೊಂದು. ಫೆಡರಲ್ ಏಣಿಯಲ್ಲಿ ಕೆಳಗೆ ಜಿಲ್ಲಾ ಕೋರ್ಟ್, ಸಾಕ್ಷಿ ವಿಚಾರಣೆ ಎಲ್ಲ ಅಲ್ಲೇ. ನಡುವೆ ಮೇಲ್ಮನವಿ ಕೋರ್ಟ್. ಮೇಲೆ ಸುಪ್ರೀಂ ಕೋರ್ಟ್. ನಡುವಿನ ಈ ಕೋರ್ಟುಗಳು ಹುಟ್ಟಿದ್ದು 1891ರ ಕಾಯ್ದೆಯಿಂದ. ಇವತ್ತು ಹದಿಮೂರಿವೆ. ಒಂದೊಂದಕ್ಕೂ ಸರ್ಕಿಟ್ ಎನ್ನುತ್ತಾರೆ. ಹ್ಯಾಂಡ್ ಅವರದು ಎರಡನೇ ಸರ್ಕಿಟ್. ನ್ಯೂಯಾರ್ಕ್, ಕನೆಕ್ಟಿಕಟ್, ವರ್ಮಾಂಟ್, ಈ ಮೂರು ರಾಜ್ಯಗಳ ಫೆಡರಲ್ ಮೇಲ್ಮನವಿಗಳು ಅಲ್ಲಿಗೆ ಬರುತ್ತವೆ. ವಾಲ್ ಸ್ಟ್ರೀಟ್, ಬಂದರು, ಪುಸ್ತಕ ಪ್ರಕಾಶಕರು, ನಾಟಕದ ಕಂಪನಿಗಳು ಎಲ್ಲ ಒಂದೇ ಊರಲ್ಲಿ. ಹಾಗಾಗಿ ಕೇಸುಗಳಿಗೆ ಬರವಿಲ್ಲ.

ಈ ಜಡ್ಜ್‌ಗಳನ್ನು ಅಧ್ಯಕ್ಷರು ಸೂಚಿಸುತ್ತಾರೆ, ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪಬೇಕು. ಒಮ್ಮೆ ಕೂತರೆ ನಿವೃತ್ತಿ ವಯಸ್ಸು ಅಂತಿಲ್ಲ. ಮಹಾಭಿಯೋಗ ನಡೆಸದೆ ತೆಗೆಯುವಂತಿಲ್ಲ. ಒಂದು ಕೇಸಿಗೆ ಸಾಮಾನ್ಯವಾಗಿ ಮೂವರು ಜಡ್ಜ್‌ಗಳು. ಸಾಕ್ಷಿಗಳು ಬರುವುದಿಲ್ಲ, ತಪ್ಪು ಸರಿ ಹೇಳುವ ಸಾಮಾನ್ಯ ಜನರ ಗುಂಪು ಅಂದರೆ ಜ್ಯೂರಿ ಇಲ್ಲ. ಕೆಳಗಿನ ಕೋರ್ಟಿನ ಕಾಗದಪತ್ರ ಓದುವುದು, ವಕೀಲರ ವಾದ ಕೇಳುವುದು, ಕಾನೂನು ಸರಿಯಾಗಿ ಅನ್ವಯವಾಗಿದೆಯೇ ನೋಡುವುದು, ಇಷ್ಟೇ ಕೆಲಸ. ಕೇಳಲು ಸಪ್ಪೆ. ಆದರೆ ಲೆಕ್ಕ ನೋಡಿ. ಈಗ ಈ ಕೋರ್ಟುಗಳಿಗೆ ವರ್ಷಕ್ಕೆ ಸುಮಾರು ನಲವತ್ತು ಸಾವಿರ ಕೇಸು ಬರುತ್ತವೆ. ಸುಪ್ರೀಂ ಕೋರ್ಟ್ ವಾದ ಕೇಳುವುದು ಅರವತ್ತು ಎಪ್ಪತ್ತು ಕೇಸುಗಳಲ್ಲಿ ಮಾತ್ರ. ಅಂದರೆ ಹೆಚ್ಚುಕಡಿಮೆ ಎಲ್ಲರ ಪಾಲಿಗೂ ನಡುವಿನ ಈ ಮೆಟ್ಟಿಲೇ ಕೊನೆಯ ಮೆಟ್ಟಿಲು.

ಹ್ಯಾಂಡ್ ಇದ್ದಾಗ ಎರಡನೇ ಸರ್ಕಿಟ್‌ನಲ್ಲಿ ಒಂದು ಒಳ್ಳೆಯ ರೂಢಿಯಿತ್ತು. ವಾದ ಮುಗಿದ ಮೇಲೆ ಮೂವರು ಜಡ್ಜ್‌ಗಳೂ ಒಬ್ಬರನ್ನೊಬ್ಬರು ಕೇಳದೆ ತಮ್ಮ ತಮ್ಮ ಅಭಿಪ್ರಾಯ ಬರೆದು ಹಂಚಿಕೊಳ್ಳಬೇಕು. ಆಮೇಲೇ ಕೂತು ಮಾತು. ಜೋರಾಗಿ ಮಾತಾಡುವವನ ಹಿಂದೆ ಉಳಿದಿಬ್ಬರು ಹೋಗುವುದಕ್ಕೆ ಇದರಿಂದ ಕಡಿವಾಣ ಬೀಳುತ್ತಿತ್ತು. ತೀರ್ಪಿನ ಕರಡನ್ನು ಹ್ಯಾಂಡ್ ತಾವೇ ಬರೆಯುತ್ತಿದ್ದರು. ಆಗಷ್ಟೇ ಕಾಲೇಜು ಮುಗಿಸಿ ಬಂದ ಸಹಾಯಕನ ಕೈಗೆ ಅದನ್ನು ಕೊಟ್ಟು ತಪ್ಪು ಹುಡುಕು ಅನ್ನುತ್ತಿದ್ದರು. ಹಾಗೆ ತಪ್ಪು ಹುಡುಕಿದ ಹುಡುಗರಲ್ಲಿ ಆರ್ಚಿಬಾಲ್ಡ್ ಕಾಕ್ಸ್ ಮತ್ತು ಎಲಿಯಟ್ ರಿಚರ್ಡ್‌ಸನ್ ಇದ್ದರು. 1973ರಲ್ಲಿ ವಾಟರ್‌ಗೇಟ್ ಹಗರಣದ ತನಿಖೆ ಮಾಡುತ್ತಿದ್ದ ಕಾಕ್ಸ್‌ನನ್ನು ಕಿತ್ತುಹಾಕು ಎಂದು ಅಧ್ಯಕ್ಷ ನಿಕ್ಸನ್ ಹೇಳಿದಾಗ, ಆಗಲ್ಲ ಎಂದು ರಾಜೀನಾಮೆ ಕೊಟ್ಟ ಅಟಾರ್ನಿ ಜನರಲ್ ಇದೇ ರಿಚರ್ಡ್‌ಸನ್. ಇಬ್ಬರೂ ಒಬ್ಬರೇ ಜಡ್ಜ್‌ನ ಕೈಕೆಳಗೆ ಪಳಗಿದವರು.

ಅದೇ ಕೋರ್ಟಿನಲ್ಲಿ ಹ್ಯಾಂಡ್ ಅವರ ಸೋದರ ಸಂಬಂಧಿ ಅಗಸ್ಟಸ್ ಹ್ಯಾಂಡ್ ಕೂಡ ಜಡ್ಜ್ ಆಗಿದ್ದರು. ಎಲ್ಲರೂ ಗಸ್ ಅನ್ನುತ್ತಿದ್ದರು. ವಕೀಲರ ನಡುವೆ ಒಂದು ಮಾತಿತ್ತು: ಉದಾಹರಿಸುವುದಾದರೆ ಲರ್ನೆಡ್, ಅನುಸರಿಸುವುದಾದರೆ ಗಸ್. ಬರವಣಿಗೆಯ ಮಿಂಚು ಒಬ್ಬರದು, ಅಲುಗದ ವಿವೇಕ ಇನ್ನೊಬ್ಬರದು ಅಂತ.

ಆ ಮಿಂಚಿಗೆ ಹ್ಯಾಂಡ್ ಮೊದಲು ಬೆಲೆ ತೆತ್ತದ್ದು 1917ರಲ್ಲಿ, ಇನ್ನೂ ಜಿಲ್ಲಾ ಕೋರ್ಟಿನಲ್ಲಿದ್ದಾಗ. ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಿತ್ತು. ಬೇಹುಗಾರಿಕೆ ತಡೆ ಕಾಯ್ದೆ ಜೂನ್ ತಿಂಗಳಲ್ಲಿ ಬಂತು. 'ದಿ ಮಾಸಸ್' ಎಂಬ ಎಡಪಂಥೀಯ ಪತ್ರಿಕೆಯ ಆಗಸ್ಟ್ ಸಂಚಿಕೆಯನ್ನು ಅಂಚೆಯಲ್ಲಿ ಕಳಿಸುವುದಿಲ್ಲ ಎಂದು ನ್ಯೂಯಾರ್ಕಿನ ಪೋಸ್ಟ್ ಮಾಸ್ಟರ್ ಪ್ಯಾಟನ್ ತಡೆದರು. ಸಂಚಿಕೆಯಲ್ಲಿ ಯುದ್ಧವನ್ನೂ ಕಡ್ಡಾಯ ಸೈನ್ಯ ಸೇರ್ಪಡೆಯನ್ನೂ ಬೈಯುವ ವ್ಯಂಗ್ಯಚಿತ್ರಗಳಿದ್ದವು. ಅಮೆರಿಕದ ಸ್ವಾತಂತ್ರ್ಯದ ಗುರುತಾದ ಲಿಬರ್ಟಿ ಬೆಲ್ ಗಂಟೆ ಒಡೆದು ಚೂರಾಗಿರುವ ಚಿತ್ರ ಅವುಗಳಲ್ಲಿ ಒಂದು. ಇದನ್ನು ನೋಡಿದವರು ಸೈನ್ಯ ಸೇರಲು ಹಿಂಜರಿಯುತ್ತಾರೆ, ಆದ್ದರಿಂದ ಅಪರಾಧ ಎಂಬುದು ಸರ್ಕಾರದ ವಾದ.

ಹ್ಯಾಂಡ್ ಒಪ್ಪಲಿಲ್ಲ. ಕಾನೂನನ್ನು ಬೈಯುವುದು ಬೇರೆ, ಕಾನೂನು ಮುರಿಯಿರಿ ಎಂದು ನೇರವಾಗಿ ಹೇಳುವುದು ಬೇರೆ ಎಂದರು. ಖಾರವಾದ ಟೀಕೆ ಕೇಳಿ ಯಾರಾದರೂ ಏನಾದರೂ ಮಾಡಿಯಾರು ಎಂಬ ಕಾರಣಕ್ಕೆ ಟೀಕೆಯನ್ನೇ ಅಪರಾಧ ಮಾಡಿದರೆ ಯಾವ ಟೀಕೆಯೂ ಉಳಿಯುವುದಿಲ್ಲ. ಕೇಳುಗ ಏನು ಮಾಡಿಯಾನು ಎಂದು ಊಹಿಸುತ್ತಾ ಕೂರುವ ಬದಲು, ಆಡಿದವನ ಮಾತು ಏನು ಎಂಬುದನ್ನಷ್ಟೇ ನೋಡಿ ಎಂಬುದು ಅವರ ಅಳತೆಗೋಲು. ಪತ್ರಿಕೆ ತಡೆಯಬೇಡಿ ಎಂದು ಜುಲೈ 24ರಂದು ಆದೇಶ ಕೊಟ್ಟರು.

ಊರೆಲ್ಲ ಯುದ್ಧದ ಅಮಲಿನಲ್ಲಿದ್ದ ಹೊತ್ತು ಅದು. ನವೆಂಬರ್‌ನಲ್ಲಿ ಮೇಲ್ಮನವಿ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಆ ಕೋರ್ಟಿಗೇ ಹ್ಯಾಂಡ್ ಬಡ್ತಿ ಪಡೆಯುವ ಮಾತು ನಡೆಯುತ್ತಿತ್ತು. ಅದೂ ಕೈತಪ್ಪಿತು. ಈ ತೀರ್ಪು ಕೊಟ್ಟರೆ ಬಡ್ತಿ ಹೋಗಬಹುದು ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. 1918ರಲ್ಲಿ ಆ ಕೋರ್ಟಿಗೆ ಬಂದವರು ಮಾರ್ಟಿನ್ ಮ್ಯಾಂಟನ್. ಮ್ಯಾಂಟನ್ ಅಲ್ಲಿ ಹಿರಿಯ ಜಡ್ಜ್ ಆಗುವವರೆಗೂ ಬೆಳೆದರು, 1939ರಲ್ಲಿ ಲಂಚದ ಪ್ರಕರಣದಲ್ಲಿ ಸಿಕ್ಕಿ ಜೈಲಿಗೂ ಹೋದರು. ಅವರು ಬಿಟ್ಟ ಹಿರಿಯನ ಕುರ್ಚಿಯಲ್ಲಿ ಕೂತು ಕೋರ್ಟಿನ ಮಾನ ಉಳಿಸುವ ಕೆಲಸ ಹ್ಯಾಂಡ್ ಪಾಲಿಗೆ ಬಂತು. ಇದನ್ನು ಯಾರಾದರೂ ಕಥೆ ಬರೆದರೆ, ಅತಿಯಾಯಿತು ಅನ್ನುತ್ತೇವೆ.

ಹ್ಯಾಂಡ್ ಹೇಳಿದ ಅಳತೆಗೋಲು ಎಲ್ಲಿಗೆ ಹೋಯಿತು? 1969ರಲ್ಲಿ, ಅವರು ತೀರಿಹೋಗಿ ಎಂಟು ವರ್ಷದ ಮೇಲೆ, ಬ್ರಾಂಡನ್‌ಬರ್ಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಂತಿತು.

ಮೇಲ್ಮನವಿ ಕೋರ್ಟಿನ ಬಡ್ತಿ ಕೊನೆಗೆ 1924ರಲ್ಲಿ ಸಿಕ್ಕಿತು, ಕೂಲಿಜ್ ಅಧ್ಯಕ್ಷರಾಗಿದ್ದಾಗ. ಸುಪ್ರೀಂ ಕೋರ್ಟ್ ಮಾತ್ರ ಸಿಗಲೇ ಇಲ್ಲ. 1912ರ ಚುನಾವಣೆಯಲ್ಲಿ ಹ್ಯಾಂಡ್ ತಮ್ಮನ್ನು ಜಡ್ಜ್ ಮಾಡಿದ ಟಾಫ್ಟ್ ಕಡೆ ನಿಲ್ಲದೆ ಥಿಯೋಡರ್ ರೂಸ್‌ವೆಲ್ಟ್ ಕಡೆ ನಿಂತಿದ್ದರು. ಮರುವರ್ಷ ಆ ಪಕ್ಷದಿಂದ ರಾಜ್ಯದ ಮುಖ್ಯ ನ್ಯಾಯಮೂರ್ತಿ ಹುದ್ದೆಯ ಚುನಾವಣೆಗೂ ನಿಂತು ಸೋತರು. ಟಾಫ್ಟ್ ಮುಂದೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. ಇದನ್ನು ಮರೆಯಲಿಲ್ಲ. ಹ್ಯಾಂಡ್ ಹೆಸರು ಬಂದಾಗ ಅಡ್ಡಗಾಲು ಹಾಕಿದರು. 1942ರಲ್ಲಿ ಮತ್ತೊಂದು ಅವಕಾಶ ಬಂತು. ಸುಪ್ರೀಂ ಕೋರ್ಟಿನಲ್ಲಿದ್ದ ಗೆಳೆಯ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಮೇಲೆ ಒತ್ತಡದ ಮೇಲೆ ಒತ್ತಡ ಹಾಕಿದರು. ಅದು ಜಾಸ್ತಿಯಾಗಿಯೇ ಕೆಟ್ಟಿತು ಅನ್ನುವವರಿದ್ದಾರೆ. ಹ್ಯಾಂಡ್‌ಗೆ ಆಗ ಎಪ್ಪತ್ತು. ಎಪ್ಪತ್ತು ದಾಟಿದ ಜಡ್ಜ್‌ಗಳಿಂದ ಕೆಲಸ ಸಾಗುತ್ತಿಲ್ಲ ಎಂದು ಐದು ವರ್ಷದ ಹಿಂದಷ್ಟೇ ರಂಪ ಮಾಡಿದ್ದವರು ರೂಸ್‌ವೆಲ್ಟ್. ಅವರು ನಲವತ್ತೆಂಟರ ವೈಲಿ ರಟ್ಲೆಜ್‌ರನ್ನು ಆರಿಸಿದರು. ರಟ್ಲೆಜ್ 1949ರಲ್ಲಿ, ಐವತ್ತೈದನೇ ವಯಸ್ಸಿನಲ್ಲಿ ತೀರಿಕೊಂಡರು. ಮುದುಕ ಎಂದು ಬಿಟ್ಟ ಹ್ಯಾಂಡ್ ಆಮೇಲೂ ಹನ್ನೆರಡು ವರ್ಷ ಬದುಕಿದರು, ಕೇಸು ಕೇಳಿದರು.

ನಡುವಿನ ಮೆಟ್ಟಿಲಲ್ಲೇ ಕೂತು ಅವರು ಮಾಡಿದ ಕೆಲಸ ಎಷ್ಟು ಬಗೆಯದು ಎಂದರೆ, ಎರಡು ಮೂರನ್ನು ಹೇಳಿ ಮುಂದೆ ಹೋಗುತ್ತೇನೆ. 1928ರ ಮಾರ್ಚ್‌ನಲ್ಲಿ ವರ್ಜೀನಿಯಾದಿಂದ ಕಲ್ಲಿದ್ದಲಿನ ಬಾರ್ಜ್‌ಗಳನ್ನು ಎಳೆದುಕೊಂಡು ಹೊರಟ ಎರಡು ಟಗ್‌ಗಳು ಬಿರುಗಾಳಿಗೆ ಸಿಕ್ಕಿ ಬಾರ್ಜ್ ಕಳೆದುಕೊಂಡವು. ರೇಡಿಯೋದಲ್ಲಿ ಹವಾಮಾನದ ಎಚ್ಚರಿಕೆ ಬಂದಿತ್ತು. ಈ ಟಗ್‌ಗಳಲ್ಲಿ ಕೆಲಸ ಮಾಡುವ ರೇಡಿಯೋ ಇರಲಿಲ್ಲ. ಆಗ ಹೆಚ್ಚಿನವರು ಇಡುತ್ತಲೂ ಇರಲಿಲ್ಲ ಎಂಬುದು ಮಾಲೀಕರ ಸಮರ್ಥನೆ. ಎಲ್ಲರೂ ಹಾಗೇ ಮಾಡುತ್ತಾರೆ ಎಂಬುದು ಉತ್ತರವಲ್ಲ, ಇಡೀ ಕಸುಬೇ ಹಿಂದೆ ಬಿದ್ದಿರಬಹುದು ಎಂದರು ಹ್ಯಾಂಡ್. 1934ರ ತೆರಿಗೆ ಕೇಸೊಂದರಲ್ಲಿ, ತೆರಿಗೆ ಆದಷ್ಟು ಕಡಿಮೆ ಬರುವಂತೆ ವ್ಯವಹಾರ ಹೊಂದಿಸಿಕೊಳ್ಳುವ ಹಕ್ಕು ಯಾರಿಗಾದರೂ ಇದೆ, ಜಾಸ್ತಿ ಕಟ್ಟುವುದು ದೇಶಭಕ್ತಿಯ ಕರ್ತವ್ಯವೂ ಅಲ್ಲ ಎಂದು ಬರೆದರು. ಚಾರ್ಟರ್ಡ್ ಅಕೌಂಟೆಂಟ್‌ಗಳಿಗೆ ಇದು ಬಲು ಪ್ರಿಯವಾದ ಸಾಲು. ಆದರೆ ಅದೇ ಕೇಸಿನಲ್ಲಿ ತೆರಿಗೆ ಉಳಿಸಲು ಹೊರಟ ಹೆಂಗಸು ಸೋತಳು ಎಂಬುದನ್ನು ಯಾರೂ ಹೇಳುವುದಿಲ್ಲ! ಬರೀ ತೆರಿಗೆ ತಪ್ಪಿಸಲು ಕೆಲವೇ ದಿನಗಳ ಮಟ್ಟಿಗೆ ಒಂದು ಕಂಪನಿ ಹುಟ್ಟುಹಾಕಿದರೆ ಅದು ನಿಜವಾದ ವ್ಯವಹಾರವಲ್ಲ ಎಂಬುದೇ ತೀರ್ಪು.

ಇನ್ನೊಂದು ಅಲ್ಯೂಮಿನಿಯಂ ಕಂಪನಿ ಅಲ್ಕೋವಾದ ಏಕಸ್ವಾಮ್ಯದ ಕೇಸು. ಸುಪ್ರೀಂ ಕೋರ್ಟಿನ ನಾಲ್ವರು ಜಡ್ಜ್‌ಗಳು ಹಳೇ ಸಂಬಂಧದ ಕಾರಣಕ್ಕೆ ಹಿಂದೆ ಸರಿದರು. ಕೇಳಲು ಕನಿಷ್ಠ ಆರು ಮಂದಿ ಬೇಕು, ಇದ್ದವರು ಐದು. ಆಗ ಸಂಸತ್ತು ಕಾನೂನು ತಿದ್ದಿ ಕೇಸನ್ನು ಹ್ಯಾಂಡ್ ಅವರ ಕೋರ್ಟಿಗೇ ಕೊನೆಯ ಮಾತು ಹೇಳಿ ಎಂದು ಕೊಟ್ಟಿತು. ಮಾರುಕಟ್ಟೆಯ ಶೇಕಡಾ ತೊಂಬತ್ತು ಪಾಲು ಕೈಯಲ್ಲಿದ್ದರೆ ಏಕಸ್ವಾಮ್ಯ, ಅರವತ್ತು ಅರವತ್ತನಾಲ್ಕು ಅನುಮಾನ, ಮೂವತ್ತಮೂರು ಖಂಡಿತ ಅಲ್ಲ ಎಂದು 1945ರಲ್ಲಿ ಅವರು ಎಳೆದ ಗೆರೆಯನ್ನು ವಕೀಲರು ಈಗಲೂ ಬಳಸುತ್ತಾರೆ. ಸುಪ್ರೀಂ ಕೋರ್ಟ್ ಸಿಗದವನಿಗೆ ಒಂದು ಕೇಸಿನ ಮಟ್ಟಿಗೆ ಸುಪ್ರೀಂ ಕೋರ್ಟೇ ನಡೆದು ಬಂದಿತ್ತು.

ಇವೆಲ್ಲ ಬುದ್ಧಿಯ ಕೇಸುಗಳು. ನನಗೆ ಹ್ಯಾಂಡ್ ಅರ್ಥವಾಗಿದ್ದು ಒಂದು ಸಣ್ಣ ಪೌರತ್ವದ ಕೇಸಿನಿಂದ. ವಲಸೆ ಬಂದ ಒಬ್ಬ ತಂದೆ. ಐವರು ಮಕ್ಕಳು. ಅವರಲ್ಲೊಬ್ಬನಿಗೆ ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿತ್ತು. ಕಣ್ಣಿಲ್ಲ, ಮಾತಿಲ್ಲ, ಕೈಕಾಲು ಆಡುವುದಿಲ್ಲ. ಹದಿಮೂರು ವರ್ಷ ಹಾಸಿಗೆಯಲ್ಲೇ. 1939ರ ಅಕ್ಟೋಬರ್ 12ರಂದು ತಂದೆ ಆ ಹುಡುಗನಿಗೆ ಕ್ಲೋರೊಫಾರ್ಮ್ ಕೊಟ್ಟು ಜೀವ ತೆಗೆದ. ಜ್ಯೂರಿಯವರು ತಪ್ಪಿತಸ್ಥ ಎಂದರು, ಜೊತೆಗೆ ಆದಷ್ಟೂ ದಯೆ ತೋರಿಸಿ ಎಂದೂ ಬರೆದರು. ಶಿಕ್ಷೆ ಅಮಾನತಾಯಿತು. ಅವನು 1944ರ ಸೆಪ್ಟೆಂಬರ್ 22ರಂದು ಪೌರತ್ವಕ್ಕೆ ಅರ್ಜಿ ಹಾಕಿದ. ಅರ್ಜಿಯ ಹಿಂದಿನ ಐದು ವರ್ಷ ಒಳ್ಳೆಯ ನಡತೆ ಇರಬೇಕು ಎಂಬುದು ಕಾನೂನು. ಇನ್ನು ಮೂರು ವಾರ ಕಾದಿದ್ದರೆ ಆ ದಿನ ಐದು ವರ್ಷದ ಆಚೆಗೆ ಹೋಗುತ್ತಿತ್ತು.

1947ರಲ್ಲಿ ಹ್ಯಾಂಡ್ ಮುಂದೆ ಬಂದ ಪ್ರಶ್ನೆ: ಇವನದು ಒಳ್ಳೆಯ ನಡತೆಯೇ? ನನಗೇನು ಅನ್ನಿಸುತ್ತದೆ ಎಂಬುದು ಮುಖ್ಯವಲ್ಲ, ಈ ದೇಶದ ಸಾಮಾನ್ಯ ಜನರ ಮನಸ್ಸು ಇದನ್ನು ಹೇಗೆ ನೋಡುತ್ತದೆ ಎಂಬುದು ಮುಖ್ಯ ಎಂದರು ಹ್ಯಾಂಡ್. ಅದನ್ನು ತಿಳಿಯುವುದು ಹೇಗೆ? ಮನೆಮನೆಗೆ ಹೋಗಿ ಕೇಳಲಾಗುವುದಿಲ್ಲ. ಜನ ಈವರೆಗೆ ಇಂಥ ಕೃತ್ಯವನ್ನು ಒಪ್ಪಿಲ್ಲ ಎಂದೇ ತೋರುತ್ತದೆ ಎಂದು ಅರ್ಜಿ ತಳ್ಳಿಹಾಕಿದರು. ಅದೇ ಉಸಿರಿನಲ್ಲಿ, ಐದು ವರ್ಷ ಈಗ ಕಳೆದಿದೆ, ಹೊಸ ಅರ್ಜಿ ಹಾಕಲು ಅಡ್ಡಿಯಿಲ್ಲ ಎಂದೂ ಬರೆದರು. ಜೊತೆಗಿದ್ದ ಜಡ್ಜ್ ಜೆರೋಮ್ ಫ್ರಾಂಕ್ ಒಪ್ಪಲಿಲ್ಲ. ಜನರ ಮನಸ್ಸು ಗೊತ್ತಿಲ್ಲ ಎಂದಾದರೆ ಅದನ್ನು ತಿಳಿದವರನ್ನು ಕೇಳಿ ನೋಡಬೇಕಿತ್ತು ಎಂಬುದು ಅವರ ವಾದ. ನನಗೆ ಫ್ರಾಂಕ್ ಮಾತೇ ಹೆಚ್ಚು ಸರಿ ಅನ್ನಿಸುತ್ತದೆ. ಆದರೆ ಹ್ಯಾಂಡ್ ಯಾಕೆ ಹಾಗೆ ಬರೆದರು ಎಂಬುದೂ ಕಾಣುತ್ತದೆ. ತನ್ನ ಕನಿಕರವನ್ನು ಕಾನೂನಿನ ಬಾಯಲ್ಲಿ ಹೇಳಿಸಲು ಅವರಿಗೆ ಧೈರ್ಯವಿರಲಿಲ್ಲ. ಅಥವಾ, ಹಾಗೆ ಹೇಳಿಸುವುದು ಧೈರ್ಯ ಎಂದು ಅವರು ನಂಬಿರಲಿಲ್ಲ.

1944ರ ಮೇ 21ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ದೊಡ್ಡ ಸಭೆ. ಹದಿನೈದು ಲಕ್ಷದಷ್ಟು ಜನ ಸೇರಿದ್ದರೆಂದು ಅಂದಾಜು. ಆಗಷ್ಟೇ ಪೌರತ್ವ ಪಡೆದವರು ಸಾವಿರಾರು. ಅವರಿಗೆ ಪ್ರತಿಜ್ಞೆ ಬೋಧಿಸುವ ಮೊದಲು ಹ್ಯಾಂಡ್ ನಾಲ್ಕು ಮಾತಾಡಿದರು. ಸ್ವಾತಂತ್ರ್ಯ ಇರುವುದು ಜನರ ಎದೆಯಲ್ಲಿ, ಅಲ್ಲಿ ಅದು ಸತ್ತರೆ ಯಾವ ಸಂವಿಧಾನವೂ ಯಾವ ಕೋರ್ಟೂ ಉಳಿಸಲಾರದು ಎಂದರು. ಸ್ವಾತಂತ್ರ್ಯದ ಮನೋಭಾವ ಎಂದರೆ ತಾನೇ ಸರಿ ಎಂಬ ಗಟ್ಟಿ ನಂಬಿಕೆ ಇಲ್ಲದ ಮನೋಭಾವ ಎಂದರು. ಮರುದಿನ ಪತ್ರಿಕೆಗಳು ಅಷ್ಟಾಗಿ ಗಮನಿಸಲಿಲ್ಲ. ಆಮೇಲೆ ಮಾತು ಬಾಯಿಂದ ಬಾಯಿಗೆ ಹರಡಿ, ಅಚ್ಚಾಗಿ, ಹೆಸರೇ ಕೇಳದ ಮೇಲ್ಮನವಿ ಜಡ್ಜ್ ಒಬ್ಬರು ದೇಶಕ್ಕೆಲ್ಲ ಪರಿಚಿತರಾದರು.

ಹೀಗೆ ಮಾತಾಡಿದವರೇ ಆರು ವರ್ಷದ ಮೇಲೆ ಡೆನ್ನಿಸ್ ಕೇಸಿನಲ್ಲಿ ಹನ್ನೊಂದು ಕಮ್ಯುನಿಸ್ಟ್ ನಾಯಕರ ಶಿಕ್ಷೆಯನ್ನು ಎತ್ತಿಹಿಡಿದರು. 1950ರ ಆಗಸ್ಟ್. ಕೊರಿಯಾ ಯುದ್ಧ ಶುರುವಾಗಿ ತಿಂಗಳಾಗಿತ್ತು. ಆ ನಾಯಕರು ಬಾಂಬ್ ಇಟ್ಟಿರಲಿಲ್ಲ, ಬಂದೂಕು ಹಿಡಿದಿರಲಿಲ್ಲ. ಸರ್ಕಾರವನ್ನು ಬಲದಿಂದ ಕೆಡವಬೇಕೆಂದು ಬೋಧಿಸಲು ಸಂಚು ಮಾಡಿದರು ಎಂಬುದು ಆರೋಪ. ಹ್ಯಾಂಡ್ ಬರೆದ ಸೂತ್ರ ಹೀಗಿತ್ತು: ಆಗಬಹುದಾದ ಕೇಡು ಎಷ್ಟು ದೊಡ್ಡದು ಎಂದು ನೋಡಿ, ಅದು ಆಗದಿರುವ ಸಾಧ್ಯತೆಗೆ ತಕ್ಕಷ್ಟು ಅದನ್ನು ತಗ್ಗಿಸಿ, ಉಳಿದದ್ದು ಮಾತಿನ ಸ್ವಾತಂತ್ರ್ಯಕ್ಕೆ ಕೈಹಾಕುವಷ್ಟು ಇದೆಯೇ ನೋಡಿ.

ಗುರುತು ಸಿಕ್ಕಿತಾ? ಅದೇ ಬಾರ್ಜ್. ಅದೇ ಪಿ, ಅದೇ ಎಲ್. ಹಿಟ್ಟಿನ ಮೂಟೆಗೆ ಚೆನ್ನಾಗಿ ಹೊಂದುವ ಲೆಕ್ಕ ಇಲ್ಲಿ ಅಡ್ಡದಾರಿ ಹಿಡಿಯುತ್ತದೆ. ಬಾವಿಗೆ ಬಿದ್ದ ಹಸುವಿಗೆ ಬೆಲೆಯಿದೆ. ಸರ್ಕಾರವೇ ಉರುಳುವ ಕೇಡಿನ ಬೆಲೆ ಎಷ್ಟು? ಎಲ್ ಅಷ್ಟು ದೊಡ್ಡದಾದರೆ ಪಿ ಎಷ್ಟು ಚಿಕ್ಕದಾದರೂ ಗುಣಲಬ್ಧ ದೊಡ್ಡದೇ ಬರುತ್ತದೆ. ಹೆದರಿದವನು ಲೆಕ್ಕ ಹಾಕಿದರೆ ಉತ್ತರ ಮೊದಲೇ ಗೊತ್ತು. ಈ ಸಂಗತಿಗಳನ್ನು ಅಂಕಿಯಲ್ಲಿ ಅಳೆಯಲು ನಿಜವಾಗಿ ಆಗುವುದಿಲ್ಲ ಎಂದು ಹ್ಯಾಂಡ್ ತಾವೇ ಹಿಂದಿನ ವರ್ಷ ಒಂದು ಅಪಘಾತದ ಕೇಸಿನಲ್ಲಿ ಒಪ್ಪಿಕೊಂಡಿದ್ದರು. ಆದರೂ ಬಳಸಿದರು. 1951ರಲ್ಲಿ ಸುಪ್ರೀಂ ಕೋರ್ಟ್ ಅದೇ ಸೂತ್ರವನ್ನು ಎತ್ತಿಕೊಂಡು ಶಿಕ್ಷೆಯನ್ನು ಖಾಯಂ ಮಾಡಿತು. ಒಡೆದ ಗಂಟೆಯ ಚಿತ್ರವನ್ನು ಕಾಪಾಡಿದ 1917ರ ಹ್ಯಾಂಡ್ ಹೇಳಿದ್ದು ಇದರ ನೇರ ಉಲ್ಟಾ. ಏನಾದೀತು ಎಂದು ಊಹಿಸಬೇಡಿ, ಏನು ಹೇಳಿದ ಎಂದಷ್ಟೇ ನೋಡಿ ಎಂದಿದ್ದರು. ಆ ಅಳತೆಗೋಲನ್ನು ಮೇಲಿನ ಕೋರ್ಟುಗಳು ಒಪ್ಪಿರಲಿಲ್ಲ, ಕೆಳಗಿನವನು ಮೇಲಿನವರ ಮಾತು ಕೇಳಬೇಕು ಎಂಬುದು ಅವರ ಸಮರ್ಥನೆ. ನಿಯಮದ ಪ್ರಕಾರ ಸರಿಯೇ.

ಡೆನ್ನಿಸ್ ತೀರ್ಪು ಬಂದ 1950ರ ಡಿಸೆಂಬರ್‌ನಲ್ಲೇ ಸೋವಿಯತ್ ಬೇಹುಗಾರ್ತಿ ಎಂದು ಶಿಕ್ಷೆಯಾಗಿದ್ದ ಜುಡಿತ್ ಕಾಪ್ಲನ್ ಅವರ ಮೇಲ್ಮನವಿ ಬಂತು. ಅಪರಾಧ ಸ್ಪಷ್ಟವಾಗಿದೆ ಎಂದೇ ಹ್ಯಾಂಡ್ ಬರೆದರು. ಆದರೆ ವಾರಂಟ್ ಇಲ್ಲದೆ ಬಂಧಿಸಿದ್ದಾರೆ, ಫೋನ್ ಕದ್ದಾಲಿಕೆಯ ದಾಖಲೆ ಆಕೆಯ ವಕೀಲರಿಗೆ ತೋರಿಸಿಲ್ಲ, ಆದ್ದರಿಂದ ಈ ಶಿಕ್ಷೆ ನಿಲ್ಲುವುದಿಲ್ಲ ಎಂದು ರದ್ದು ಮಾಡಿದರು. ಕಮ್ಯುನಿಸ್ಟರ ಭಯ ಮನೆಮನೆಯಲ್ಲೂ ಇದ್ದ ದಿನಗಳಲ್ಲಿ ಒಬ್ಬರೇ ಜಡ್ಜ್ ನಾಲ್ಕು ತಿಂಗಳ ಅಂತರದಲ್ಲಿ ಎರಡನ್ನೂ ಬರೆದರು.

ಇನ್ನು ನಮ್ಮ ಕಡೆಯ ಕೊಂಡಿ. 1947ರ ಕೊನೆಯಲ್ಲಿ ಭಾರತದ ಸಂವಿಧಾನ ಸಭೆಯ ಸಲಹೆಗಾರ ಬೆನಗಲ್ ನರಸಿಂಗ ರಾವ್ ಅಮೆರಿಕಕ್ಕೆ ಹೋದರು. ಮಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ಕೆನರಾ ಹೈಸ್ಕೂಲಿನಲ್ಲಿ ಓದಿದವರು. ಕರಡು ಸಂವಿಧಾನವನ್ನು ಹಿಡಿದುಕೊಂಡು ಅಲ್ಲಿನ ದೊಡ್ಡ ಜಡ್ಜ್‌ಗಳ ಅಭಿಪ್ರಾಯ ಕೇಳುವುದು ಅವರ ಉದ್ದೇಶ. ಫ್ರಾಂಕ್‌ಫರ್ಟರ್ ಒಂದು ಎಚ್ಚರಿಕೆ ಕೊಟ್ಟರು: 'ಡ್ಯೂ ಪ್ರೋಸೆಸ್', ಅಂದರೆ ನ್ಯಾಯಬದ್ಧವಾದ ಕ್ರಮ, ಎಂಬ ಅಮೆರಿಕದ ಮಾತನ್ನು ನಿಮ್ಮ ಸಂವಿಧಾನದಲ್ಲಿ ಹಾಕಿಕೊಳ್ಳಬೇಡಿ, ಜನ ಆರಿಸಿದ ಶಾಸಕರು ಮಾಡಿದ ಕಾನೂನನ್ನು ಕೆಲವೇ ಜಡ್ಜ್‌ಗಳು ಹೊಡೆದುಹಾಕಲು ಅದು ದಾರಿಯಾಗುತ್ತದೆ. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ ನಮ್ಮ 21ನೇ ವಿಧಿಯಲ್ಲಿ ಆ ಮಾತಿನ ಬದಲು 'ಕಾನೂನು ಸ್ಥಾಪಿಸಿದ ಕಾರ್ಯವಿಧಾನ' ಎಂಬ ಅರ್ಥದ ಮಾತು ಬಂದದ್ದರ ಹಿಂದೆ ಈ ಭೇಟಿ ಇದೆ.

ರಾವ್ ಲರ್ನೆಡ್ ಹ್ಯಾಂಡ್ ಅವರ ಅಭಿಪ್ರಾಯವನ್ನೂ ವರದಿಯಲ್ಲಿ ಬರೆದಿದ್ದಾರೆ. ಹ್ಯಾಂಡ್ ಇನ್ನೂ ಒಂದು ಹೆಜ್ಜೆ ಮುಂದೆ. ಮೂಲಭೂತ ಹಕ್ಕುಗಳನ್ನೆಲ್ಲ ಕಾನೂನಿನ ಸಂಕೋಲೆಯಾಗಿ ಹಾಕುವುದಕ್ಕಿಂತ ನೀತಿಯ ಮಾತಾಗಿ ಇಟ್ಟುಕೊಳ್ಳುವುದೇ ವಾಸಿ ಎಂಬುದು ಅವರ ಸಲಹೆ! ಅಂದರೆ ಹಕ್ಕುಗಳಿರಲಿ, ಆದರೆ ಕೋರ್ಟು ಅವುಗಳನ್ನು ಹಿಡಿದು ಶಾಸಕಾಂಗವನ್ನು ತಡೆಯುವುದು ಬೇಡ. ಅಷ್ಟು ದೂರ ಹೋಗಲು ನಮ್ಮವರು ಸಿದ್ಧರಿರಲಿಲ್ಲ, ಪುಣ್ಯ.

ಇದರಲ್ಲೊಂದು ತಮಾಷೆ ಇದೆ. ಮಂಗಳೂರಿನಿಂದ ದಕ್ಷಿಣಕ್ಕೆ ಐವತ್ತು ಕಿಲೋಮೀಟರ್ ಹೋದರೆ ಕಾಸರಗೋಡು, ಅದರ ಹತ್ತಿರ ಎಡನೀರು ಮಠ. 1973ರಲ್ಲಿ ಆ ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಕೇಸಿನಲ್ಲೇ ನಮ್ಮ ಸುಪ್ರೀಂ ಕೋರ್ಟ್, ಸಂಸತ್ತು ಕೂಡ ಸಂವಿಧಾನದ ಮೂಲ ರಚನೆಯನ್ನು ಮುಟ್ಟುವಂತಿಲ್ಲ ಎಂದದ್ದು. 1978ರ ಮೇನಕಾ ಗಾಂಧಿ ಕೇಸಿನಲ್ಲಿ 21ನೇ ವಿಧಿಯ ಕಾರ್ಯವಿಧಾನ ನ್ಯಾಯಯುತವಾಗಿಯೂ ಇರಬೇಕು ಎಂದಾಯಿತು. ಫ್ರಾಂಕ್‌ಫರ್ಟರ್ ಮುಂಬಾಗಿಲಲ್ಲಿ ತಡೆದದ್ದು ಹಿಂಬಾಗಿಲಿಂದ ಒಳಗೆ ಬಂತು. ಹ್ಯಾಂಡ್ ಇದ್ದಿದ್ದರೆ ಆ ದಪ್ಪ ಹುಬ್ಬು ಗಂಟಿಕ್ಕುತ್ತಿದ್ದರು.

ಅವರು 1951ರಲ್ಲಿ ಪೂರ್ಣಾವಧಿಯ ಕೆಲಸ ಬಿಟ್ಟರೂ ಕೇಸು ಕೇಳುವುದನ್ನು ಬಿಡಲಿಲ್ಲ. 1958ರಲ್ಲಿ, ಎಂಬತ್ತಾರನೇ ವಯಸ್ಸಿನಲ್ಲಿ, ಹಾರ್ವರ್ಡ್‌ನಲ್ಲಿ ಮೂರು ಉಪನ್ಯಾಸ ಕೊಟ್ಟರು. ಪ್ಲೇಟೋ ಹೇಳಿದಂಥ ಜ್ಞಾನಿ ಪಾಲಕರ ಗುಂಪೊಂದು ನನ್ನನ್ನು ಆಳುವುದು ನನಗೆ ಸಹಿಸದು, ಅವರನ್ನು ಆರಿಸುವುದು ಹೇಗೆಂದು ಗೊತ್ತಿದ್ದರೂ ಸಹಿಸದು, ಗೊತ್ತಂತೂ ಇಲ್ಲ ಎಂದರು. ಕರಿಯ ಮತ್ತು ಬಿಳಿಯ ಮಕ್ಕಳಿಗೆ ಬೇರೆ ಬೇರೆ ಶಾಲೆ ಕೂಡದು ಎಂದ 1954ರ ತೀರ್ಪಿನ ಬಗ್ಗೆಯೂ ಸಂಶಯ ಎತ್ತಿದರು. ಅವರನ್ನು ದೇವರಂತೆ ನೋಡುತ್ತಿದ್ದ ಹುಡುಗರಿಗೂ ಅದು ನುಂಗಲಾರದ ತುತ್ತಾಯಿತು. ತನ್ನನ್ನು ನಂಬದಿರುವುದು ಒಳ್ಳೆಯ ಗುಣವೇ. ಆದರೆ ಶಾಸಕರೇ ಅನ್ಯಾಯ ಮಾಡುತ್ತಿದ್ದಾಗ, ಶಾಲೆಯ ಬಾಗಿಲಲ್ಲಿ ನಿಂತ ಮಗುವಿಗೆ ಕೋರ್ಟ್ ಬಿಟ್ಟರೆ ಇನ್ಯಾವ ಬಾಗಿಲಿತ್ತು?

ಹ್ಯಾಂಡ್ ತಾವೇ ಹೇಳುತ್ತಿದ್ದ ಒಂದು ಘಟನೆಯಿದೆ. ಸುಪ್ರೀಂ ಕೋರ್ಟಿನ ಜಡ್ಜ್ ಆಲಿವರ್ ವೆಂಡೆಲ್ ಹೋಮ್ಸ್ ಅವರಿಗೆ ಗುರುವಿದ್ದಂತೆ. ಒಮ್ಮೆ ಹೋಮ್ಸ್ ಕೋರ್ಟಿಗೆ ಹೊರಟಿದ್ದರು. ಬೀಳ್ಕೊಡುತ್ತಾ ಹ್ಯಾಂಡ್ ಕೆಣಕುವ ದನಿಯಲ್ಲಿ, "ನ್ಯಾಯ ಮಾಡಿ ಬನ್ನಿ, ಸರ್" ಎಂದರು. ಮುಂದೆ ಹೋಗಿದ್ದ ಹೋಮ್ಸ್ ಸರಕ್ಕನೆ ತಿರುಗಿ ಹತ್ತಿರ ಕರೆದರು.

"ಅದು ನನ್ನ ಕೆಲಸ ಅಲ್ಲ," ಎಂದರು. "ನಿಯಮದ ಪ್ರಕಾರ ಆಟ ಆಡುವುದಷ್ಟೇ ನನ್ನ ಕೆಲಸ."

1961ರ ಆಗಸ್ಟ್ 18ರಂದು, ಎಂಬತ್ತೊಂಬತ್ತನೇ ವಯಸ್ಸಿನಲ್ಲಿ ಲರ್ನೆಡ್ ಹ್ಯಾಂಡ್ ತೀರಿಕೊಂಡರು. ಆಗಲೂ ಅವರು ಜಡ್ಜ್.